ನಿಶ್ಚಯದ ಫೋಟೋದಲ್ಲಿ ಇಲ್ಲದವಳು

ಪುತ್ತಿಗೆ, ಮೂಡುಬಿದಿರೆ
12 ಜನವರಿ 2025

ಮುದ್ದು ಸಾತ್ವಿಕಾ,

ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ನಿಶ್ಚಯ ಮುಗಿಸಿ ನೀನು ಶಾರ್ಜಾಕ್ಕೆ ಹಿಂತಿರುಗಿ ಇಪ್ಪತ್ತು ದಿನವಾಯಿತು, ನಾನು ಈಗ ಬರೆಯುತ್ತಿದ್ದೇನೆ. ಬೇಸರ ಮಾಡಬೇಡ, ಮೂರು ಸಲ ಬರೆದು ಹರಿದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕಿಯೇ ಮಾತಾಡುವವಳು. ಅದೂ ಅಲ್ಲದೆ, ತುಳುವಿನಲ್ಲಿ ಶುರು ಮಾಡಿದರೆ ನನಗೆ ಬೈಗುಳವೇ ಮೊದಲು ಬರುತ್ತದೆ. ನಾನು ಅಂಗನವಾಡಿ ಮಕ್ಕಳಿಗೆ ಕಲಿಸಿದ ಕನ್ನಡದಲ್ಲಾದರೆ ಸ್ವಲ್ಪ ಹದದಲ್ಲಿರುತ್ತೇನೆ.

ನಿಮ್ಮಿಬ್ಬರ ಬಗ್ಗೆ ಬರೆದ ಆ ಮದುವೆಯ ಬ್ಲಾಗನ್ನು ಮಾವನ ಮಗಳು ಸುರಕ್ಷಾ ಚಾವಡಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದಳು. ನಾನೂ ನಿನ್ನ ರಮಾನಾಥ ಮಾವನೂ ಕೇಳಿದೆವು. ಪುತ್ತಿಗೆಯ ತುಳು ಹುಡುಗಿ, ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಂ ಹುಡುಗ ಸಿನಾನ್, ಬೆಳ್ತಂಗಡಿಯ ಕಾಲೇಜಿನಲ್ಲಿ ಶುರುವಾದ ಸ್ನೇಹ, ಎಲ್ಲವನ್ನೂ ಚಂದವಾಗಿ ಬರೆದಿದ್ದಾರೆ. ನೀನು ನೀರುದೋಸೆಯಲ್ಲಿ ಎತ್ತಿದ ಕೈ ಅಂತೆ! ನಿನ್ನ ದೋಸೆ ಕಾವಲಿ ಬಿಟ್ಟು ಎದ್ದದ್ದು ಯಾವಾಗ ಮಾರಾಯ್ತಿ? ಮಾವ ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ನಿಶ್ಚಯದ ಫೋಟೋ ಬಂತು. ವೀಳ್ಯದ ಹರಿವಾಣದ ಆಚೆ ಸಿನಾನ್‌ನ ಉಮ್ಮ ಆಯಿಶಮ್ಮ, ಈಚೆ ಮಾವ. ಕೆಳಗೆ ಸಿನಾನ್ ಹೇಳಿದ ಮಾತು: “ಸಾತ್ವಿಕಾಳ ಅಮ್ಮ ನನ್ನನ್ನು ಇನ್ನೂ ಒಪ್ಪಿಲ್ಲ. ಆ ದಿನ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಒಂದು ದಿನ ಒಪ್ಪಿಯಾರು ಎಂದು ಕಾಯುತ್ತೇನೆ.” ಸುರಕ್ಷಾ ಅಲ್ಲಿಗೇ ನಿಲ್ಲಿಸಿದಳು. ಓದು ಎಂದು ನಾನೇ ಹಟ ಹಿಡಿದೆ. ಕೆಳಗೆ ಯಾರು ಯಾರೋ ಬರೆದಿದ್ದರು. ಇಂಥ ತಾಯಿಯನ್ನು ಎದುರು ಹಾಕಿಕೊಂಡ ಹುಡುಗಿಗೆ ಶಹಬ್ಬಾಸ್ ಅಂತೆ. ಮಗಳ ಸುಖ ನೋಡಲಾಗದ ಹೆಂಗಸು ಅಂತೆ.

“ಈಗಲೇ ಫೋನ್ ಮಾಡ್ತೇನೆ, ಇದನ್ನು ತೆಗೆಸ್ತೇನೆ” ಎಂದು ಮಾವ ಎದ್ದುಬಿಟ್ಟರು. “ಬೇಡ ಅಣ್ಣ, ಮದುವೆ ಹತ್ತಿರ ಉಂಟು” ಎಂದು ಕೂರಿಸಿದೆ.

ಸಿನಾನ್ ಮೇಲೆ ನನಗೆ ಸಿಟ್ಟಿಲ್ಲ. ಗಂಡ ತೀರಿಕೊಂಡವಳು ವೀಳ್ಯದ ಹರಿವಾಣದ ಹತ್ತಿರ ನಿಲ್ಲಬಾರದೆಂಬುದು ನಮ್ಮಲ್ಲಿ ಕೆಲವರ ತಲೆಯಿಂದ ಇನ್ನೂ ಹೋಗಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಉಮ್ಮನೂ ನನ್ನ ಹಾಗೆಯೇ. ಅವರು ಆ ದಿನ ಅಡುಗೆಮನೆಗೇ ಬಂದು ನನ್ನ ಕೈ ಹಿಡಿದುಕೊಂಡರು. “ನೀಲಕ್ಕ, ನನ್ನವರು ಹೋಗಿ ಆರು ವರ್ಷ ಆಯ್ತು. ನಾನು ಮುಂದೆಯೇ ಕೂತದ್ದಲ್ವಾ? ಬನ್ನಿ ಮಾರಾಯ್ರೆ, ನಿಮ್ಮದೇ ಮಗಳು.” ಪಾಯಸ ಅಡಿ ಹಿಡಿಯುತ್ತದೆ ಎಂದು ಸುಳ್ಳು ಹೇಳಿ ಕೈ ಬಿಡಿಸಿಕೊಂಡೆ. ಅವರ ಮುಖ ಸಣ್ಣದಾಯಿತು. ಆ ಹೆಂಗಸಿಗೆ ಹಾಗೆ ಮಾಡಬಾರದಿತ್ತು.

ಸಿನಾನ್ ಒಳ್ಳೆಯ ಹುಡುಗ. ಹೋಗುವಾಗ ಪಾತ್ರೆ ಎತ್ತಿಡಲು ಬಂದಿದ್ದ. ಅವನನ್ನು ನಾನು ಎಂದೋ ಒಪ್ಪಿದ್ದೇನೆ, ನೀನು ಅವನ ಹೆಸರು ಹೇಳಿದ ದಿನವೇ. ಅದು ನಿನಗೆ ಗೊತ್ತು.

ಈ ಕಾಗದವನ್ನು ಆಯಿಶಮ್ಮನ ಕೈಯಲ್ಲಿ ಕಳುಹಿಸುತ್ತಿದ್ದೇನೆ, ಅವರು ಗುರುವಾರ ಮಗನನ್ನು ನೋಡಲು ಅಲ್ಲಿಗೆ ಬರುತ್ತಾರೆ. ಲಕೋಟೆ ಅಂಟಿಸಿದ್ದೇನೆ. ಜೊತೆಗೆ ಹಪ್ಪಳ ಉಂಟು, ಅರ್ಧ ಅವರಿಗೆ ಕೊಡು. ಇಬ್ಬರೂ ನೂರು ಕಾಲ ಒಟ್ಟಿಗೆ ನಗುತ್ತಾ ಇರಿ.

ನಿನ್ನ ಅಮ್ಮ,
ನೀಲಾವತಿ

ಮರೆತ ಮಾತು: ಆ ದಿನ ಮಾವ ಎರಡು ಸಲ ಒಳಗೆ ಬಂದು “ಹರಿವಾಣ ನೀನೇ ಹಿಡಿ ನೀಲಾ” ಎಂದು ಕರೆದಿದ್ದರು. ನಾನು ಹೋಗಲಿಲ್ಲ. ಬೆಳಿಗ್ಗೆ ಮಲ್ಲಿಗೆ ಮುಡಿಸುವಾಗ “ಅಮ್ಮ, ಇವತ್ತೊಂದು ದಿನ ನೀನು ಎದುರಿಗೆ ಬರುವುದು ಬೇಡ, ನನಗೆ ಯಾಕೋ ಹೆದರಿಕೆ ಆಗ್ತದೆ” ಎಂದವಳು ನೀನು. ಅದನ್ನು ಮಾವನಿಗೂ ಹೇಳಿಲ್ಲ, ಸಿನಾನ್‌ಗೂ ಹೇಳುವುದಿಲ್ಲ. ಮೂಡುಬಿದಿರೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಮದುವೆಗೆ ಮೂವರ ಸಾಕ್ಷಿ ಬೇಕಂತೆ. ಒಂದು ಸಹಿ ನನ್ನದೇ ಆಗಬೇಕೆಂದು ಮಾವ ಹೇಳುತ್ತಿದ್ದಾರೆ. ನಾನು ಬರಲೋ ಬೇಡವೋ, ನೀನು ಹೇಳು ಮಗಳೇ.