ಎತ್ತರದ ಮುಳ್ಳು

ಜೂನ್ 3, ಬೆಳಿಗ್ಗೆ

ವೇಗ ಏರಿಸುವ ಥ್ರಾಟಲ್ ಹಿಡಿಗೆ ಎರಡನೇ ಕೋಟ್ ಪೇಂಟ್. ಮೂಲತಃ ಹಳೆಯ ಕೊಡೆಯ ಹಿಡಿ. ಈಗ ಕೋಣೆಯಲ್ಲಿ ನಾನೇ ಕಟ್ಟಿದ ನಕಲಿ ವಿಮಾನಕ್ಕೆ ಬಡ್ತಿ. ನಿನ್ನೆ ಪೂರ್ತಿ ಹಿಂದಕ್ಕೆಳೆದು ಆಫೀಸಿಗೆ ಹೋಗಿದ್ದೆ. ಬಂದು ನೋಡಿದರೆ ಅರ್ಧಕ್ಕಿದೆ. ಸೀಟೂ ಹಿಂದೆ ಸರಿದಿದೆ. ಕಂಪ್ಯೂಟರ್ ಹಾಕಿದರೆ ಕೊನೆಯ ಹಾರಾಟ ನಿಂತಲ್ಲೇ ತೆರೆದುಕೊಳ್ಳುತ್ತದೆ — ಪರದೆ ತುಂಬ ಮಂಜು. ನಾನು ಬಿಸಿಲು ಬಿಟ್ಟು ಹಾರಿದವನೇ ಅಲ್ಲ.

ಮನೆಯಲ್ಲಿ ಉದ್ದ ಕಾಲಿನವನು ಅಣ್ಣ ಒಬ್ಬನೇ. ನಿಜವಾದ ಪೈಲಟ್. ತಿಂಗಳಿಂದ ರಜೆಯಂತೆ. ಇಷ್ಟು ರಜೆ ಯಾವ ಕಂಪನಿ ಕೊಡುತ್ತದೆ?

ಜೂನ್ 5

ಊಟಕ್ಕೆ ಕೂತಾಗ ಕೆಣಕಿದೆ — ನನ್ನ ವಿಮಾನವನ್ನು ಯಾರಾದರೂ ಹೈಜಾಕ್ ಮಾಡಿದ್ದೀರಾ ಎಂದು. ಅಣ್ಣ ತಲೆ ಎತ್ತಲಿಲ್ಲ. "ನಿನ್ನ ಆಟದ ಸಾಮಾನು ನಂಗ್ಯಾಕೋ?" ಅತ್ತಿಗೆ ತುಂಬಿದ ಲೋಟಕ್ಕೇ ಮತ್ತೆ ನೀರು ಹಾಕಿದರು.

ಆಟದ ಸಾಮಾನಂತೆ. ರಟ್ಟು, ತಗಡು, ಪುಟಾಣಿ ಮೋಟರುಗಳ ಜೊತೆ ಎರಡು ವರ್ಷ ಸಂಸಾರ ಮಾಡಿದ್ದೇನೆ. ಹಗಲೆಲ್ಲ ಕೂತು ಹುಳುಕು ಹುಡುಕುತ್ತಿದ್ದಾನೆ, ನೆಂಟರೆದುರು ನಗಲಿಕ್ಕೆ. ಸದ್ಯ ಈ ಕೋಣೆಯಲ್ಲಿ ಹಾರುತ್ತಿರುವುದು ವಿಮಾನವಲ್ಲ, ಅನುಮಾನ.

ಜೂನ್ 6

ಬಲೆ ಹಾಕಿದೆ. ಎತ್ತರ ತೋರಿಸುವ ಡಯಲಿನ ಮುಳ್ಳು ಕಿತ್ತು ಒಂದು ಗೆರೆ ಮುಂದೆ ಅಂಟಿಸಿದೆ. ಈಗ ನಿಜವಾದ ಎತ್ತರಕ್ಕಿಂತ ನೂರಡಿ ಹೆಚ್ಚು ಕೊಚ್ಚಿಕೊಳ್ಳುತ್ತದೆ. ಮಂಜಿನಲ್ಲಿ ಅದನ್ನು ನಂಬಿ ಇಳಿಸಿದವನು ರನ್‌ವೇ ಸಿಗುವ ಮೊದಲೇ ನೆಲ ಕಾಣುತ್ತಾನೆ. ಕ್ಯಾಪ್ಟನ್ ಸಾಹೇಬರು ಬಂದು ಮೀಟರ್ ಸರಿಯಿಲ್ಲ ಎನ್ನಲಿ... ಅಲ್ಲಿಗೆ ಕಳ್ಳ ಸಿಕ್ಕ.

ಜೂನ್ 11

ದೂರು ಬಂದಿಲ್ಲ. ದಿನಾ ಸಂಜೆ ಪರದೆಯಲ್ಲಿ ವಿಮಾನ ರನ್‌ವೇ ಈಚೆಯ ಬಯಲಿನಲ್ಲಿ ಮೂಗು ಊರಿ ಬಿದ್ದಿರುತ್ತದೆ. ಅಣ್ಣ ಊಟವನ್ನೂ ಕಡಿಮೆ ಮಾಡಿದ್ದಾನೆ. ಇಷ್ಟು ಚೆನ್ನಾಗಿ ನಟಿಸುತ್ತಾನೆಂದು ಗೊತ್ತಿರಲಿಲ್ಲ.

ಜೂನ್ 12, ಸಂಜೆ

ಅತ್ತಿಗೆ ಬಟ್ಟೆ ಮಡಿಸುತ್ತ ಬಾಯಿಬಿಟ್ಟರು. ರಜೆ ಅಲ್ಲ. ಕಂಪನಿಯ ಪರೀಕ್ಷೆಯಲ್ಲಿ ಮಂಜಿನಲ್ಲಿ ಇಳಿಸುವಾಗ ಎಡವಟ್ಟಾಗಿ, ಅವನು ಹಾರದಂತೆ ಕಂಪನಿಯವರು ತಡೆದಿದ್ದಾರೆ. ನಾಳೆ ಮರುಪರೀಕ್ಷೆ, ಅದೇ ಕೊನೆಯದು. ತಮ್ಮನನ್ನು ಕೇಳಲು ನಾಚಿಕೆ. ಅದಕ್ಕೇ ಕದ್ದು ಅಭ್ಯಾಸ.

"ಮೊದ್ಲು ಚೆನ್ನಾಗೇ ಇಳಿಸ್ತಿದ್ರು ಕಣಪ್ಪ. ಈ ವಾರ ಒಂದೂ ಸರಿಹೋಗ್ಲಿಲ್ಲ. ಮೀಟರ್ ನೋಡ್ರೀ ಅಂದೆ. ನನ್ನ ತಮ್ಮ ಮಾಡಿದ್ದು ಕೂದಲಷ್ಟೂ ತಪ್ಪಲ್ಲ, ಕೆಟ್ಟಿರೋದು ನನ್ನ ಕಣ್ಣು ಅಂತಾರೆ. ನಾಳೆ ಹೋಗಲ್ವಂತೆ. ಕೆಲಸಾನೇ ಬಿಡ್ತಾರಂತೆ."

ಅವರು ಮಡಿಸಿಟ್ಟ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಏಳು ಗಂಟೆ

ಗುಟ್ಟಾಗಿ ಸರಿಮಾಡಿ, "ಇನ್ನೊಂದ್ಸಲ ನೋಡಣ್ಣ" ಎಂದರಾಯಿತು ಅಂದುಕೊಂಡೆ. ಒಂದು ಸಲ ಸರಿಯಾಗಿ ಇಳಿದರೆ ಅದೃಷ್ಟ ಅಂತಾನೆ. ಕಣ್ಣಿನ ಮೇಲಿನ ಸಂಶಯ ಹೋಗುವುದಿಲ್ಲ. ಬೇಡ. ಮುಳ್ಳು ತಪ್ಪಿದ ಜಾಗದಲ್ಲೇ ಇರಲಿ, ಕಣ್ಣಾರೆ ನೋಡಲಿ. ಆಮೇಲೆ ನನ್ನ ಕೈಯ ಕೆಲಸ ಯಾವುದನ್ನೂ ನಂಬದಿದ್ದರೆ... ನಂಬದಿರಲಿ.

ಕರೆದಿದ್ದೇನೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೊದಲ ಮಾತು ಬರೆದಿಟ್ಟುಕೊಳ್ಳುತ್ತೇನೆ, ಇಲ್ಲವಾದರೆ ತಮಾಷೆ ಮಾಡಿ ತಪ್ಪಿಸಿಕೊಂಡುಬಿಡುತ್ತೇನೆ — ಅಣ್ಣ, ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಆ ಮುಳ್ಳನ್ನು