ಗೆರೆಯ ಮೇಲಿನ ಟವರ್

ಸೋಮವಾರ, ಹದಿನಾಲ್ಕನೇ ತಾರೀಖು
ನಕ್ಷೆ ವಿಭಾಗ, ಊಟದ ಬಿಡುವು

ಪಕ್ಕದ ಮೇಜಿನ ಯಜಮಾನರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮ ಕಾಣುತ್ತಲೇ ಇದೆ, ಬೆಳಗ್ಗೆಯಿಂದ ನಾಲ್ಕು ಸಲ ಕೆಮ್ಮಿದ್ದನ್ನು ಬಿಟ್ಟರೆ. ಮೂರಡಿ ಆಚೆ ಕೂತ ಗಂಡನಿಗೆ ಪತ್ರ ಬರೆಯುವ ಹೆಂಗಸು ಈ ಕಟ್ಟಡದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ನೀವು ಮನೆ ಬಿಟ್ಟು ಆ ಬಾಡಿಗೆ ರೂಮು ಸೇರಿದ ನಾಲ್ಕು ತಿಂಗಳಲ್ಲಿ ಮಾತು ಬಿಟ್ಟೂ ಬಿಟ್ಟೂ ಸಾಕಾಗಿದೆ. ಮತ್ತೆ ಶುರು ಮಾಡುವುದಕ್ಕೂ ತ್ರಾಣವಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನೆ ನಿಮ್ಮ ಮುದ್ದಿನ ಮಗಳು ಗುಬ್ಬಿ ಊಟದ ಮೇಜಿನ ತುಂಬ ಹೊಸ ನಕ್ಷೆ ಹರಡಿಕೊಂಡಿದ್ದಳು. ಶುಕ್ರವಾರ ಅವಳು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿಕೊಂಡು ದೂರ ಹೋಗಬೇಕಲ್ಲ, ಅದರ ತಯಾರಿ. ಪೆನ್ಸಿಲಿನಲ್ಲಿ ದಾರಿ ಎಳೆದು ಪಕ್ಕದಲ್ಲಿ ಮೂರು ಸಾವಿರ ಅಡಿ ಎಂದು ಬರೆದಿದ್ದಳು. ಯಾಕೆ ಮೂರು ಸಾವಿರ ಎಂದು ಕೇಳಿದೆ. ನಕ್ಷೆಯಲ್ಲಿ ಆ ದಾರಿ ಹಾಯುವ ಚೌಕದ ನಡುವಿನ ದಪ್ಪ ಎರಡನ್ನೂ ಅದರ ಪಕ್ಕದ ಸಣ್ಣ ಏಳನ್ನೂ ತೋರಿಸಿ, "ಎರಡು ಸಾವಿರದ ಏಳ್ನೂರು ಸೇಫ್ ಅಂತ ನಿಮ್ಮ ಆಫೀಸಿನವ್ರೇ ಹಾಕಿದಾರಲ್ಲಮ್ಮ, ನಾನು ಇನ್ನೂ ಮುನ್ನೂರು ಜಾಸ್ತಿ ಇಟ್ಕೊಂಡಿದೀನಿ" ಎಂದಳು. ಶಹಬ್ಬಾಸ್ ಎನ್ನಲಿ ಎಂದು ಕಾಯುವ ಮುಖ.

ಅದು ಹಾರುವ ಎತ್ತರವಲ್ಲ ಕಣೇ, ಆ ಚೌಕದಲ್ಲಿ ಎಲ್ಲಕ್ಕಿಂತ ಎತ್ತರ ನಿಂತಿರುವ ವಸ್ತುವಿನ ಎತ್ತರ ಎಂದೆ. ಗುಡ್ಡವೋ ಟವರೋ, ಅದರ ತುದಿಗೆ ಅಳತೆಯ ತಪ್ಪಿಗೆಂದು ಒಂದಿಷ್ಟು ಅಡಿ ಸೇರಿಸಿ ಮೇಲಿನ ನೂರಕ್ಕೆ ಏರಿಸಿರುತ್ತೇವೆ, ಅಷ್ಟೇ. ಅದರ ಮೇಲೆ ಕನಿಷ್ಠ ಸಾವಿರ ಅಡಿ ನೀನೇ ಸೇರಿಸಿಕೊಳ್ಳಬೇಕು. ಬೇರೆ ಕೆಲವು ನಕ್ಷೆಗಳಲ್ಲಿ ಆ ಸಾವಿರ ಮೊದಲೇ ಸೇರಿರುತ್ತದೆ, ಅದಕ್ಕೇ ಅಂಚಿನಲ್ಲಿರುವ ಸೂಚನೆ ಓದದೆ ಯಾವ ಅಂಕಿಯನ್ನೂ ನಂಬಬೇಡ ಎಂದೆ. ಅವಳು ಮುಖ ಸಣ್ಣಗೆ ಮಾಡಿಕೊಂಡು ಅಳಿಸಿ, ಮೂರು ಸಾವಿರದ ಏಳುನೂರು ಎಂದು ಬರೆದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಚೌಕದ ಪೂರ್ವದ ಗೆರೆಯ ಮೇಲೆ ಹೊಸ ಟವರ್ ಕಂಡಿತು. ತುದಿ ಸಮುದ್ರಮಟ್ಟದಿಂದ ಮೂರು ಸಾವಿರದ ಇನ್ನೂರ ಎಂಬತ್ತು ಅಡಿ. ಗೆರೆಯ ಆಚೆ, ನನ್ನ ಪಾಲಿನ ಚೌಕದಲ್ಲಿ, ದಪ್ಪ ಮೂರು, ಸಣ್ಣ ನಾಲ್ಕು, ಸರಿಯಾಗಿದೆ. ಈಚೆ ನಿಮ್ಮ ಚೌಕದಲ್ಲಿ ಹಳೆಯ ಗುಡ್ಡದ ಅಂಕಿಯೇ ಕೂತಿದೆ. ಅವಳು ಮೊದಲು ಬರೆದಿದ್ದು ಟವರಿನ ತುದಿಗಿಂತ ಕೆಳಗೆ. ತಿದ್ದಿದ ಮೇಲೂ ನಡುವೆ ಉಳಿದದ್ದು ನಾನೂರ ಇಪ್ಪತ್ತು ಅಡಿ.

ಗೆರೆಯ ಮೇಲಿನದು ಎರಡೂ ಚೌಕಕ್ಕೆ ಸೇರಿದ್ದು. ಹಾಗೆಂದೇ ನಮ್ಮಿಬ್ಬರ ಪದ್ಧತಿ: ಹೊಸ ಟವರು ಎದ್ದಿದೆ ಎಂಬ ಚೀಟಿ ಯಾರಿಗೆ ಬಂದರೂ ಗಟ್ಟಿಯಾಗಿ ಓದುವುದು, ಇನ್ನೊಬ್ಬರು "ಗೆರೆ ಮೇಲೆ" ಎಂದು ತಿರುಗಿ ಹೇಳುವುದು, ಆಮೇಲೆ ಚೀಟಿ ಕೈ ಬದಲಾಗುವುದು. ಹೊಸದಾಗಿ ಸೇರಿದವರು ನಮ್ಮನ್ನು ಅಣಕಿಸಿ ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೂ ತಪ್ಪಲಿಲ್ಲ. ಈ ಟವರಿನ ಚೀಟಿ ನನಗೆ ಬಂದದ್ದು ನೀವು ಹೋದ ಎರಡನೆಯ ವಾರ. ಓದಿ ಹೇಳುವ ಮನಸ್ಸಾಗಲಿಲ್ಲ, ನಿಮ್ಮ ಪೇಪರ್‌ವೇಟಿನ ಕೆಳಗೆ ಇಟ್ಟೆ. ನೀವು ಗಮನಿಸಲಿಲ್ಲವೇನೋ.

"ಇದು ಅಪ್ಪನ ಚೌಕ ಅಲ್ವಾ?" ಎಂದು ಗುಬ್ಬಿ ಕೇಳಿದಳು. ಹೌದು ಎಂದೆ. ಅವಳು ನಕ್ಷೆ ಮಡಚಿದಳು. ನಮ್ಮಪ್ಪನ ಅಂಕಿ ತಪ್ಪುವುದೇ ಇಲ್ಲ ಎಂದು ಹಾರಾಟದ ಶಾಲೆಯಲ್ಲೆಲ್ಲ ಜಂಬ ಕೊಚ್ಚುವ ಹುಡುಗಿ.

ಆ ಶಾಲೆಯ ಅರ್ಜಿಗೆ ನನಗೆ ಹೇಳದೆ ನೀವು ಸಹಿ ಹಾಕಿದ್ದಕ್ಕೆ ತಾನೇ ನಮ್ಮ ಜಗಳ. ಈಗಲೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಇಷ್ಟು ವರ್ಷ ವಿಮಾನಕ್ಕೆ ತಾಗಬಹುದಾದ ವಸ್ತುಗಳನ್ನೇ ಗುರುತು ಹಾಕಿಕೊಂಡು ಕೂತವಳಿಗೆ ಆಕಾಶ ಎಂದರೆ ಹೆದರಿಕೆಯೇ. ನಿಮಗೆ ಹೇಗೆ ಹೆದರಿಕೆಯಾಗಲಿಲ್ಲವೋ ಗೊತ್ತಿಲ್ಲ.

ಅವಳ ಗುರುಗಳಿಗೆ ಬೆಳಗ್ಗೆಯೇ ಫೋನ್ ಮಾಡಿದ್ದೇನೆ. ಶುಕ್ರವಾರ ಆ ಚೌಕದಲ್ಲಿ ಅವಳು ನಾಲ್ಕು ಸಾವಿರದ ನಾನೂರಕ್ಕಿಂತ ಕೆಳಗಿಳಿಯುವುದಿಲ್ಲ. ಆದರೆ ಅದೇ ನಕ್ಷೆ ಇನ್ನೆಷ್ಟು ಜನರ ತೊಡೆಯ ಮೇಲಿದೆಯೋ. ಇದರ ಜೊತೆಗಿಟ್ಟ ತಿದ್ದುಪಡಿ ಹಾಳೆ ಇವತ್ತು ಐದು ಗಂಟೆಯೊಳಗೆ ಹೋಗಬೇಕು. ಚೌಕ ನಿಮ್ಮದು, ಸಹಿ ನಿಮ್ಮದೇ ಬೇಕು. ಮುಖ್ಯ ಪರಿಶೀಲಕರ ಕುರ್ಚಿ ನಿಮಗೇ ಎಂದು ಎಲ್ಲರೂ ಹೇಳುತ್ತಿರುವಾಗ ಇದು ಕಪ್ಪು ಚುಕ್ಕೆ, ಗೊತ್ತು. ಆದರೂ ಸಹಿ ಮಾಡಿ. ಕಾರಣ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತು,
ನಿಮ್ಮ ಬಲಗಡೆಯ ಮೇಜಿನವಳು

ಕೊನೆಗೊಂದು ಮಾತು: ಇಷ್ಟನ್ನೂ ಹರಿದು ಹೊಸದಾಗಿ ಬರೆಯಲು ಕೈಯಲ್ಲಿ ಕಸುವಿಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಪೇಪರ್‌ವೇಟಿನ ಕೆಳಗೆ ನಾನು ಏನನ್ನೂ ಇಡಲಿಲ್ಲ. ಚೀಟಿ ಹಿಡಿದು ಎದ್ದೆ, ನೀವು ತಲೆ ಎತ್ತಲಿಲ್ಲ, ವಾಪಸ್ ಕೂತುಬಿಟ್ಟೆ. ನನ್ನ ಡ್ರಾಯರಿನಲ್ಲೇ ಇತ್ತು, ಈಗ ಹಾಳೆಗೆ ಪಿನ್ ಮಾಡಿದ್ದೇನೆ. ಕಾರಣದ ಜಾಗದಲ್ಲಿ "ಪಕ್ಕದವರು ಚೀಟಿ ಕೊಡಲಿಲ್ಲ" ಎಂದು ಬರೆಯಿರಿ. ಅದರ ಕೆಳಗೆ ನನ್ನ ಸಹಿ ಆಗಲೇ ಬಿದ್ದಿದೆ. ಗುಬ್ಬಿಗೆ ಈಗಷ್ಟೇ ಫೋನಿನಲ್ಲಿ ಹೇಳಿದೆ. "ಅಪ್ಪಂಗೆ ಹೇಳಿದ್ಯಾ?" ಎಂದಳು. ನೀವು ಓದಿ ಮುಗಿಸಿದ್ದು ಕಂಡ ಕೂಡಲೇ ಆ ಚೀಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಮನಸ್ಸಾದರೆ ತಿರುಗಿ ಹೇಳಿ.