ಹಾರ್ಟ್ಲಿ, ಹಾರ್ಲಿ

ನವೆಂಬರ್ ೧೨, ಮಂಗಳವಾರ. ಲೀಡ್ಸ್.

ನಮ್ಮ ವಾರ್ಡಿನ ಅಕ್ಕಪಕ್ಕದ ಹಾಸಿಗೆಗಳಲ್ಲಿ ಹಾರ್ಟ್ಲಿ, ಹಾರ್ಲಿ ಎಂಬ ಇಬ್ಬರು ಮುದುಕಿಯರು. ಇಂಗ್ಲಿಷಿನ ಲೆಕ್ಕದಲ್ಲಿ ಮೊದಲನೆಯ ಹೆಸರಿನಲ್ಲಿ 'ಹಾರ್ಟ್' ಎಂಬ ಜಿಂಕೆ ಅಡಗಿದೆ, ಎರಡನೆಯದರಲ್ಲಿ 'ಹೇರ್' ಎಂಬ ಮೊಲ. ಕೂಗಿದರೆ ಎರಡೂ ಒಂದೇ. ಇವತ್ತು ಕಾಲು ತೆಗೆಯಬೇಕಿದ್ದದ್ದು ಹಾರ್ಲಿಯವರದು.

ವಾರ್ಡ್ ಬಾಯ್ ಡೆಸ್ಮಂಡ್ ಬಂದು ಹಾರ್ಲಿಯವರ ಹೆಸರು ಕೂಗಿದ. ಯಾರು ಕರೆದರೂ ಹೂಂ ಅನ್ನುವ ಹಾರ್ಟ್ಲಿ ಸ್ಟ್ರೆಚರ್ ಹತ್ತಿಬಿಟ್ಟರು. ಬಾಗಿಲಲ್ಲಿ ತಡೆದು, "ಹುಟ್ಟಿದ ತಾರೀಕು ನೀವೇ ಹೇಳಿ ಅಮ್ಮಾ," ಎಂದೆ. ಹೇಳಿದರು. ಆಪರೇಷನ್ ಚೀಟಿಯಲ್ಲಿದ್ದದ್ದು ಬೇರೆ.

"ಅವ್ರೇ ಹೂಂ ಅಂದ್ರಲ್ಲ ಸಿಸ್ಟರ್," ಎಂದ ಡೆಸ್ಮಂಡ್.

ತಿರುಗಿ ನೋಡಿದೆ. ಹಾರ್ಲಿ ಎಚ್ಚರವಾಗಿಯೇ ಇದ್ದರು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು. ಎಲ್ಲ ಕೇಳಿಸಿಕೊಂಡೂ ಸುಮ್ಮನಿದ್ದರು. "ಅವಳಿಗೆ ಹೇಳ್ಬೇಡ ಕಣಮ್ಮ," ಅಂದರು.

ಈ ಗೊಂದಲದಲ್ಲಿ ಹೊತ್ತು ಮೀರಿ ಆಪರೇಷನ್ ನಾಳೆಗೆ ಹೋಯಿತು. ಸಂಜೆ ಹಾರ್ಟ್ಲಿ ಕಿತ್ತಳೆ ಸುಲಿದು ಅರ್ಧ ಹಾರ್ಲಿಗೆ ಕೊಟ್ಟರು. "ಹೆದರ್ಕೋಬೇಡ, ಪಕ್ಕದಲ್ಲೇ ನಾನಿಲ್ವಾ."

ನಾಳೆ ಬೆಳಿಗ್ಗೆ ಆ ಹೆಸರನ್ನು ನಾನೇ ಕೂಗಬೇಕು.